ಲೋಕಲ್ ಹತ್ತಿ ಸಮುದ್ರಕ್ಕೆ: ಚರ್ನಿ ರೋಡ್‌ನಲ್ಲಿ ಇಳಿಯುವ ಬಗೆ

ಊರಿನಿಂದ ಮುಂಬೈಗೆ ಬಂದ ನೆಂಟರು ಎರಡನೆಯ ದಿನ ಸಂಜೆಯ ಹೊತ್ತಿಗೆ ಕೇಳುವುದು ಚೌಪಾಟಿಯನ್ನು, ಅಂದರೆ ಗಿರ್ಗಾಂವ್‌ನ ಮರಳಿನ ಕಡಲ ದಂಡೆಯನ್ನು. ಮಲ್ಪೆಯ ಕಡಲಲ್ಲಿ ಈಜಿ ಬೆಳೆದವರೂ ಕೇಳುತ್ತಾರೆ, ಕೊಪ್ಪಳದವರೂ ಕೇಳುತ್ತಾರೆ. ಟ್ಯಾಕ್ಸಿ ಹಿಡಿದರೆ ಸಿಗ್ನಲ್ಲುಗಳಲ್ಲೇ ಸೂರ್ಯ ಮುಳುಗಿಬಿಡುತ್ತಾನೆ. ಪಶ್ಚಿಮ ರೈಲ್ವೆಯ ಲೋಕಲ್‌ನಲ್ಲಿ ಹತ್ತು ಕಿಲೋಮೀಟರ್‌ವರೆಗೆ ಎರಡನೆಯ ದರ್ಜೆಗೆ 5 ರೂಪಾಯಿ, ಇಳಿದರೆ ಎದುರಿಗೇ ಸಮುದ್ರ. ಇಳಿಯಬೇಕಾದದ್ದು ಚರ್ನಿ ರೋಡ್‌ನಲ್ಲಿ. ಮಾರ್ಗದ ದಕ್ಷಿಣದ ಕೊನೆಯಾದ ಚರ್ಚ್‌ಗೇಟನ್ನೂ ಸೇರಿಸಿ ಎಣಿಸಿದರೆ ಮೂರನೆಯ ನಿಲ್ದಾಣ. ಮಧ್ಯೆ ಮರೀನ್ ಲೈನ್ಸ್ ಒಂದೇ.

ಮೊದಲು, ಸರಿಯಾದ ರೈಲುಮಾರ್ಗಕ್ಕೆ ಬನ್ನಿ

ಬೆಂಗಳೂರಿನಿಂದ ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ಬರುವವರು ಮಧ್ಯ ರೈಲ್ವೆಯ ಹಳಿಯ ಮೇಲೆ ಬರುತ್ತಾರೆ. ಚರ್ನಿ ರೋಡ್ ಇರುವುದು ಪಶ್ಚಿಮ ರೈಲ್ವೆಯಲ್ಲಿ. ಎರಡೂ ಕೈಕುಲುಕುವುದು ದಾದರ್‌ನಲ್ಲಿ. ಮೊದಲು ಅಲ್ಲಿ ಎರಡು ರೈಲ್ವೆಗಳಿಗೂ ಒಂದೊಂದು ‘ಒಂದನೇ ಪ್ಲಾಟ್‌ಫಾರಂ’ ಇತ್ತು. ಯಾವ ಒಂದು ಎಂದು ಕೇಳಿದರೆ ಜನ ನಗುತ್ತಿದ್ದರು. 2023ರ ಡಿಸೆಂಬರ್‌ನಲ್ಲಿ ಸಂಖ್ಯೆ ಬದಲಿಸಿದರು. ಈಗ 1ರಿಂದ 7 ಪಶ್ಚಿಮ ರೈಲ್ವೆ, 8ರಿಂದ 14 ಮಧ್ಯ ರೈಲ್ವೆ. ಸೇತುವೆ ಹತ್ತಿ 7ರ ಒಳಗಿನ ಸಂಖ್ಯೆಯ ಕಡೆಗೆ ನಡೆಯಿರಿ.

ಟಿಕೆಟ್

ಕೌಂಟರಿನ ಸಾಲು, ಸ್ಮಾರ್ಟ್ ಕಾರ್ಡಿನ ಯಂತ್ರ, ಮೊಬೈಲ್ ಆ್ಯಪ್, ಮೂರೂ ಇವೆ. ಆ್ಯಪ್ ಬಳಸುವವರು ಒಂದು ಮಾತು ನೆನಪಿಡಬೇಕು: ಹಳಿಯ ಪಕ್ಕ ನಿಂತು, ರೈಲು ಬರುವುದು ಕಂಡಮೇಲೆ ಟಿಕೆಟ್ ತೆಗೆಯಲು ಹೋದರೆ ಅದು ಒಪ್ಪುವುದಿಲ್ಲ. ನಿಲ್ದಾಣದ ಹೊರಗೇ ತೆಗೆಯಿರಿ. ಹೋಗಿ ಬರುವ ಟಿಕೆಟ್ಟನ್ನು ಒಟ್ಟಿಗೇ ತೆಗೆದರೆ ಸಂಜೆಯ ಸಾಲು ತಪ್ಪುತ್ತದೆ.

ಇಂಡಿಕೇಟರ್ ಓದುವುದು

ಹೊಸಬರು ಎಡವುವುದು ಇಲ್ಲೇ. ಪ್ಲಾಟ್‌ಫಾರಂ ಮೇಲೆ ತೂಗುವ ಇಂಡಿಕೇಟರ್‌ನಲ್ಲಿ ಒಂದೆರಡು ಇಂಗ್ಲಿಷ್ ಅಕ್ಷರ, ಪಕ್ಕದಲ್ಲಿ ‘ಎಸ್’ ಅಥವಾ ‘ಎಫ್’, ಜೊತೆಗೆ ಸಮಯ. ಮೊದಲಿನ ಅಕ್ಷರ ರೈಲು ಮುಟ್ಟುವ ಕೊನೆಯ ಊರು: ‘ಸಿ’ ಚರ್ಚ್‌ಗೇಟ್, ‘ಎ’ ಅಂಧೇರಿ, ‘ಬಿಒ’ ಬೋರಿವಲಿ. ‘ಎಸ್’ ಎಂದರೆ ಸ್ಲೋ, ಎಲ್ಲ ಕಡೆ ನಿಲ್ಲುತ್ತದೆ. ‘ಎಫ್’ ಎಂದರೆ ಫಾಸ್ಟ್, ದಾರಿಯಲ್ಲಿ ಹಲವನ್ನು ಬಿಟ್ಟು ಓಡುತ್ತದೆ. ಫಾಸ್ಟ್ ಗಾಡಿ ಚರ್ನಿ ರೋಡ್‌ನಂಥ ಸಣ್ಣ ನಿಲ್ದಾಣದಲ್ಲಿ ನಿಲ್ಲಲಿಕ್ಕಿಲ್ಲ ಎಂದು ಹೆದರಿ ಸ್ಲೋಗೆ ಕಾಯುವವರನ್ನು ದಿನವೂ ನೋಡುತ್ತೇನೆ. ಕಾಯಬೇಕಾಗಿಲ್ಲ. ಮುಂಬೈ ಸೆಂಟ್ರಲ್‌ನಿಂದ ಚರ್ಚ್‌ಗೇಟ್‌ವರೆಗೆ ಫಾಸ್ಟ್ ಕೂಡ ಎಲ್ಲ ನಿಲ್ದಾಣಗಳಲ್ಲಿ ನಿಲ್ಲುತ್ತದೆ. ದಾದರ್‌ನಲ್ಲಿ ‘ಸಿ’ ಕಂಡರೆ ಸಾಕು, ಹತ್ತಿ.

ಭಾನುವಾರ ಮಾತ್ರ ಹೊರಡುವ ಮುಂಚೆ ಸುದ್ದಿ ನೋಡಿಕೊಳ್ಳಿ. ಹಳಿ, ತಂತಿಗಳ ದುರಸ್ತಿಗೆ ಹಗಲಿನಲ್ಲಿ ಕೆಲವು ಗಂಟೆ ಒಂದು ಜೋಡಿ ಹಳಿಯನ್ನು ಮುಚ್ಚುತ್ತಾರೆ. ಮಧ್ಯ ರೈಲ್ವೆಯವರು ಇದಕ್ಕೆ ಮೆಗಾ ಬ್ಲಾಕ್ ಎಂದರೆ, ಪಶ್ಚಿಮದವರು ಜಂಬೋ ಬ್ಲಾಕ್ ಎನ್ನುತ್ತಾರೆ. ಅನುಭವಿಸುವವರಿಗೆ ಎರಡೂ ಒಂದೇ.

ಡಬ್ಬದ ಹೊರಮೈಯಲ್ಲಿ ಹಳದಿ ಕೆಂಪಿನ ಓರೆ ಪಟ್ಟೆಗಳಿದ್ದರೆ ಅದು ಮೊದಲ ದರ್ಜೆ. ಎರಡನೆಯ ದರ್ಜೆಯ ಟಿಕೆಟ್ ಹಿಡಿದು ಅದರೊಳಗೆ ಸಿಕ್ಕಿಬಿದ್ದರೆ ಕನಿಷ್ಠ 250 ರೂಪಾಯಿ ದಂಡ, ಮೇಲೆ ಟಿಕೆಟ್ ದರ. ‘ಗೊತ್ತಿರಲಿಲ್ಲ’ ಎನ್ನುವ ಉತ್ತರವನ್ನು ಟಿಸಿಗಳು ಬೇಕಾದಷ್ಟು ಕೇಳಿರುತ್ತಾರೆ. ಹವಾನಿಯಂತ್ರಿತ ಲೋಕಲ್‌ಗೂ ಬೇರೆಯೇ ಟಿಕೆಟ್. ದೇಶದ ಮೊದಲ ಎಸಿ ಲೋಕಲ್ ಓಡಿದ್ದು ಇದೇ ಮಾರ್ಗದಲ್ಲಿ, 2017ರ ಡಿಸೆಂಬರ್ 25ರಂದು; ಹೆಂಗಸರಿಗೆಂದೇ ಪೂರ್ತಿ ಗಾಡಿ ಹೊರಟದ್ದೂ ಇಲ್ಲಿಯೇ, 1992ರ ಮೇ 5ರಂದು, ಚರ್ಚ್‌ಗೇಟ್ ಬೋರಿವಲಿ ನಡುವೆ.

ಇಳಿಯಲು ಸಿದ್ಧರಾಗುವುದು

ಮುಂಬೈ ಸೆಂಟ್ರಲ್ ದಾಟುತ್ತಲೇ ಏಳಿ. ಬಾಗಿಲಿನ ಹತ್ತಿರ ನಿಂತವರ ಬೆನ್ನಿಗೆ ಮೆಲ್ಲನೆ ‘ಚರ್ನಿ ರೋಡ್?’ ಎಂದು ಕೇಳಿ. ಅವರು ತಲೆ ಆಡಿಸಿದರೆ ಅವರ ಹಿಂದೆಯೇ ನಿಲ್ಲಿ. ಇಲ್ಲ ಎಂದರೆ ಭುಜವನ್ನು ಅರ್ಧ ತಿರುಗಿಸಿ ದಾರಿ ಬಿಡುತ್ತಾರೆ. ಈ ಒಂದು ಪ್ರಶ್ನೆ ಕೇಳುವ ಸಂಕೋಚದಿಂದ ನಾನು ಮುಂಬೈಗೆ ಬಂದ ಮೊದಲ ವಾರ ಚರ್ಚ್‌ಗೇಟ್‌ವರೆಗೂ ಹೋಗಿ ಮರಳಿದ್ದೇನೆ, ಅದೂ ಎರಡು ಸಲ. ‘ಪುಢೀಲ ಸ್ಟೇಷನ್, ಚರ್ನಿ ರೋಡ್’ ಎಂದು ಮರಾಠಿಯಲ್ಲಿ ಶುರುವಾಗುವ ಧ್ವನಿ ಹಿಂದಿ, ಇಂಗ್ಲಿಷ್‌ಗಳನ್ನು ಮುಗಿಸುವಷ್ಟರಲ್ಲಿ ಗಾಡಿ ನಿಂತಿರುತ್ತದೆ. ಚರ್ಚ್‌ಗೇಟ್ ಕಡೆಗೆ ಹೋಗುವಾಗ ಸಮುದ್ರ ನಿಮ್ಮ ಬಲಕ್ಕಿದೆ.

ಇಳಿದ ಮೇಲೆ ಒಂದು ನಿಮಿಷ ನಿಲ್ಲಿ

ಜನ ಖಾಲಿಯಾಗಲಿ. ನೀವು ನಿಂತಿರುವ ಈ ಹಳಿಯ ಪಟ್ಟಿಯ ಕತೆಯಲ್ಲಿ ಧಾರವಾಡ ಸೀಮೆಯ ಪಾಲೂ ಇದೆ. ಅಮೆರಿಕದಲ್ಲಿ 1861ರಿಂದ 1865ರವರೆಗೆ ಅಂತರ್ಯುದ್ಧ ನಡೆದಾಗ ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿಯ ಹತ್ತಿ ಬರುವುದು ನಿಂತಿತು. ಆಗ ಹಿಂದೂಸ್ಥಾನದ ಹತ್ತಿಗೆ ಚಿನ್ನದ ಬೆಲೆ. ಧಾರವಾಡ, ಗದಗ, ಹುಬ್ಬಳ್ಳಿ ಸೀಮೆಯ ಹತ್ತಿ ಚಕ್ಕಡಿಗಳಲ್ಲಿ ಘಟ್ಟ ಇಳಿದು ಕುಮಟಾ ಬಂದರಿಗೆ ಬಂದು, ಅಲ್ಲಿಂದ ಹಡಗು ಹತ್ತಿ ಮುಂಬೈ ಸೇರುತ್ತಿತ್ತು. ಮುಂಬೈ ಪೇಟೆಯಲ್ಲಿ ಆ ಹತ್ತಿಯ ಹೆಸರೇ ‘ಕುಮ್ಟಾ’. ಬೆಳೆದ ಊರಿನ ಹೆಸರಲ್ಲ, ಹಡಗು ಹತ್ತಿದ ಬಂದರಿನ ಹೆಸರು.

ಬಂದ ಹಣ ಎಲ್ಲಿ ಸುರಿಯಬೇಕೋ ತಿಳಿಯದೆ ಜನ ಕಂಪನಿಗಳನ್ನು ಹುಟ್ಟಿಸಿದರು. ಬ್ಯಾಕ್‌ಬೇ ಎಂಬ ಈ ಕೊಲ್ಲಿಯನ್ನು ತುಂಬಿ ರೈಲ್ವೆಗೂ ಕಟ್ಟಡಗಳಿಗೂ ಜಾಗ ಮಾಡುವ ಕಂಪನಿ ಅವುಗಳಲ್ಲಿ ಎಲ್ಲಕ್ಕಿಂತ ಕುಖ್ಯಾತ. ಷೇರುಗಳು ಆಕಾಶಕ್ಕೇರಿದವು. 1865ರಲ್ಲಿ ಯುದ್ಧ ನಿಂತಿತು, ಹತ್ತಿಯ ಬೆಲೆ ಕುಸಿಯಿತು, ಸಾಹುಕಾರರು ರಾತ್ರಿ ಬೆಳಗಾಗುವುದರೊಳಗೆ ದಿವಾಳಿಯಾದರು. ಕೊಲ್ಲಿ ತುಂಬಲಿಲ್ಲ. ದಂಡೆಯ ಉದ್ದಕ್ಕೆ ಒಂದು ಕಿರಿದಾದ ಪಟ್ಟಿ ಉಳಿಯಿತು, ಅದರ ಮೇಲೆ ಬಾಂಬೆ ಬರೋಡಾ ಆ್ಯಂಡ್ ಸೆಂಟ್ರಲ್ ಇಂಡಿಯಾ ರೈಲ್ವೆಯ ಹಳಿ ಬಂತು. ಹೆಸರು ಉದ್ದವಾಯಿತೆಂದು ಜನ ಬಿಬಿಸಿಐ ಎಂದರು.

1867ರ ಏಪ್ರಿಲ್ 12ರಂದು ವಿರಾರ್‌ನಿಂದ ಬ್ಯಾಕ್‌ಬೇ ನಿಲ್ದಾಣಕ್ಕೆ ಮೊದಲ ಲೋಕಲ್ ಬಂತು. ದಿನಕ್ಕೆ ಒಂದೇ ಗಾಡಿ, ಬೆಳಗ್ಗೆ ಬರುವುದು, ಸಂಜೆ ಮರಳುವುದು. ಆಗಿನ ಪಟ್ಟಿಯಲ್ಲಿ ಅಂಧೇರಿಗೆ ‘ಅಂದಾರು’, ಗೋರೆಗಾಂವ್‌ಗೆ ‘ಪಹಾಡಿ’ ಎಂಬ ಹೆಸರುಗಳಿದ್ದವು. ಹಳಿ 1870ರಲ್ಲಿ ಚರ್ಚ್‌ಗೇಟ್‌ಗೆ, 1873ರಲ್ಲಿ ಕೊಲಾಬಾಕ್ಕೆ ಮುಟ್ಟಿತು. ಕೊಲಾಬಾದಲ್ಲಿ ಹತ್ತಿಯ ದೊಡ್ಡ ಪೇಟೆಯಿತ್ತು. 1928ರ ಜನವರಿ 5ರಂದು ಕೊಲಾಬಾ ಬೋರಿವಲಿ ನಡುವೆ ವಿದ್ಯುತ್ ಗಾಡಿ ಓಡಿತು. ಮೂರೇ ವರ್ಷದೊಳಗೆ, 1930ರ ಕೊನೆಯ ದಿನ, ಕೊಲಾಬಾ ನಿಲ್ದಾಣವನ್ನು ಮುಚ್ಚಿದರು. ದೂರದ ಗಾಡಿಗಳು ಅದೇ ತಿಂಗಳು ತೆರೆದ ಮುಂಬೈ ಸೆಂಟ್ರಲ್‌ಗೆ ಹೋದವು, ಲೋಕಲ್‌ಗಳಿಗೆ ಚರ್ಚ್‌ಗೇಟ್ ಕೊನೆಯಾಯಿತು.

ಇನ್ನು ಹೆಸರು. 1838ರಲ್ಲಿ ಬ್ರಿಟಿಷರು ದನ ಮೇಯಿಸಲು ತೆರಿಗೆ ಹಾಕಿದಾಗ ಸರ್ ಜಮ್ಶೆಟ್‌ಜಿ ಜೀಜಿಭಾಯ್ ಎಂಬ ಪಾರ್ಸಿ ಶೆಟ್ 20,000 ರೂಪಾಯಿ ಕೊಟ್ಟು ಠಾಕುರ್‌ದ್ವಾರದ ಬಳಿ ಹುಲ್ಲುಗಾವಲು ಕೊಂಡು, ಯಾರ ದನವಾದರೂ ಪುಕ್ಕಟೆ ಮೇಯಲಿ ಎಂದು ಬಿಟ್ಟರಂತೆ. ದನ ‘ಚರಿಸುವ’ ಜಾಗ ಚರ್ನಿಯಾಯಿತು ಎಂಬುದು ಎಲ್ಲರೂ ಹೇಳುವ ಕತೆ. ಠಾಣೆಯ ಚೆಂಡನಿ ಎಂಬ ಜಾಗದಿಂದ ಬಂದವರು ನೆಲೆಸಿದ್ದರಿಂದ ಈ ಹೆಸರು ಎನ್ನುವವರೂ ಇದ್ದಾರೆ. ನನಗೆ ದನದ ಕತೆಯೇ ಇಷ್ಟ. ಅಂದಹಾಗೆ, ಈ ನಿಲ್ದಾಣಕ್ಕೆ ಗಿರ್ಗಾಂವ್ ಎಂದು ಹೆಸರಿಡಬೇಕೆಂಬ ನಿರ್ಣಯ 2024ರಲ್ಲಿ ಮಹಾರಾಷ್ಟ್ರದ ವಿಧಾನಮಂಡಲದಲ್ಲಿ ಆಗಿದೆ. ಮೆಟ್ರೊದ ಗಿರ್ಗಾಂವ್ ನಿಲ್ದಾಣ ಬೇರೆಯೇ, ಅದು ನೆಲದಡಿಯಲ್ಲಿದೆ. ಗೆಳೆಯರಿಗೆ ‘ಗಿರ್ಗಾಂವ್ ಸ್ಟೇಷನ್ನಿಗೆ ಬನ್ನಿ’ ಎನ್ನುವ ಮುಂಚೆ ಯಾವುದೆಂದು ಬಿಡಿಸಿ ಹೇಳಿ.

ಯಾವ ಕಡೆಯಿಂದ ಹೊರಡುವುದು

ಪೂರ್ವಕ್ಕೆ ಇಳಿದರೆ ಮಹರ್ಷಿ ಕರ್ವೆ ರಸ್ತೆ, ಗಿರ್ಗಾಂವ್‌ನ ಹಳೆಯ ಚಾಳುಗಳು, ಸ್ವಲ್ಪ ನಡೆದರೆ 2016ರಲ್ಲಿ ಮತ್ತೆ ತೆರೆದ ಒಪೆರಾ ಹೌಸ್. ಸಮುದ್ರಕ್ಕೆ ಪಶ್ಚಿಮದ ಸೇತುವೆ ಹಿಡಿಯಿರಿ. ಹಳಿ ಹಾಕಿದ ಕಾಲದಲ್ಲಿ ಇಷ್ಟು ನಡೆಯಬೇಕಿರಲಿಲ್ಲ, ನೀರು ಇನ್ನೂ ಹತ್ತಿರವಿತ್ತು. ಹಳಿಗೂ ಈಗಿನ ರಸ್ತೆಗೂ ನಡುವೆ ಕಾಣುವ ಪಾರ್ಸಿ, ಹಿಂದೂ, ಇಸ್ಲಾಂ ಜಿಮ್‌ಖಾನಾಗಳು ಒಂದು ಕಾಲಕ್ಕೆ ಕಡಲ ದಂಡೆಯ ಕ್ಲಬ್ಬುಗಳು. ಇಪ್ಪತ್ತನೆಯ ಶತಮಾನದಲ್ಲಿ ಸಮುದ್ರವನ್ನು ಮತ್ತೆ ತುಂಬಿ ಮರೀನ್ ಡ್ರೈವ್ ಕಟ್ಟಿದಾಗ ಅಲೆಗಳು ಅವುಗಳಿಂದ ದೂರವಾದವು. ಆ ರಸ್ತೆಯ ಆರ್ಟ್ ಡೆಕೊ ಕಟ್ಟಡಗಳು 2018ರಿಂದ ಯುನೆಸ್ಕೊ ಪಟ್ಟಿಯಲ್ಲಿವೆ.

ಸಮುದ್ರಕ್ಕೆ ಮುಖ ಮಾಡಿ ನಿಂತಾಗ ಬಲಕ್ಕೆ ಚೌಪಾಟಿಯ ಮರಳು, ಎಡಕ್ಕೆ ನರಿಮನ್ ಪಾಯಿಂಟ್‌ವರೆಗೂ ಕಟ್ಟೆ. ಚೌಪಾಟಿಯಲ್ಲಿ ಭೇಲ್‌ಪುರಿಗೆ ಮುಂಚೆ ತಿಲಕರ ಪ್ರತಿಮೆಯನ್ನು ನೋಡಿ. 1920ರ ಆಗಸ್ಟ್ 1ರಂದು ತೀರಿಕೊಂಡ ಅವರ ಚಿತೆ ಉರಿದದ್ದು ಇದೇ ಮರಳಿನ ಮೇಲೆ. ಅದಕ್ಕೆ ನಾಲ್ಕು ವರ್ಷ ಮೊದಲು ಅವರು ಹೋಂ ರೂಲ್ ಲೀಗ್ ಶುರುಮಾಡಿದ್ದು ಬೆಳಗಾವಿಯಲ್ಲಿ. ಈಗ ಈ ಮರಳಿನ ಕೆಳಗೆ, 2024ರ ಮಾರ್ಚ್‌ನಲ್ಲಿ ತೆರೆದ ಕರಾವಳಿ ರಸ್ತೆಯ ಸುರಂಗದಲ್ಲಿ ಕಾರುಗಳು ಓಡುತ್ತಿವೆ. ಮೇಲೆ ಕುಳಿತವರಿಗೆ ಸದ್ದೇ ಕೇಳುವುದಿಲ್ಲ.

ಮಳೆಗಾಲದಲ್ಲಾದರೆ ಅಂದಿನ ಭರತದ ಹೊತ್ತು ನೋಡಿಕೊಂಡೇ ಬನ್ನಿ, ಪತ್ರಿಕೆಗಳಲ್ಲಿ ಬರುತ್ತದೆ. ನಾಲ್ಕೂವರೆ ಮೀಟರ್ ಮೀರಿದ ದಿನ ಕಟ್ಟೆಯ ಮೇಲೆ ಕೂರುವ ಶೌರ್ಯ ಬೇಡ. ಅನಂತ ಚತುರ್ದಶಿಯ ಸಂಜೆ ಚೌಪಾಟಿಯಲ್ಲಿ ಗಣಪತಿ ವಿಸರ್ಜನೆ. ರಾತ್ರಿಯಿಡೀ ಹೆಚ್ಚುವರಿ ಲೋಕಲ್ ಬಿಡುತ್ತಾರೆ, ಆದರೆ ನೂಕುನುಗ್ಗಲು ತಪ್ಪಿಸಲು ಚರ್ನಿ ರೋಡ್‌ನ ನಿಲುಗಡೆಯಲ್ಲಿ ಬದಲಾವಣೆ ಮಾಡುವುದುಂಟು. ಆ ದಿನ ಮಕ್ಕಳನ್ನು ಕರೆದುಕೊಂಡು ಬರಬೇಡಿ ಎಂದು ಹೇಳಿದರೆ ಯಾರೂ ಕೇಳುವುದಿಲ್ಲ. ಕಡೇಪಕ್ಷ ಅವರ ಜೇಬಿನಲ್ಲಿ ನಿಮ್ಮ ಫೋನ್ ನಂಬರಿನ ಚೀಟಿಯಿಡಿ.

ಮರಳುವುದು

ಬರುವಾಗ ಬೇಕಿರದ ಎಚ್ಚರ ಈಗ ಬೇಕು. ಮುಂಬೈ ಸೆಂಟ್ರಲ್ ದಾಟಿದ ಮೇಲೆ ಫಾಸ್ಟ್ ಗಾಡಿ ನೇರ ದಾದರ್‌ಗೆ ಓಡುತ್ತದೆ, ದಾದರ್ ಬಿಟ್ಟರೆ ಬಾಂದ್ರಾಕ್ಕೆ. ಮಹಾಲಕ್ಷ್ಮಿಗೆ ಹೋಗುವವರು, ಕರ್ನಾಟಕ ಸಂಘದ ಕಾರ್ಯಕ್ರಮಕ್ಕೆಂದು ಮಾಟುಂಗಾ ರೋಡ್‌ನಲ್ಲಿ ಇಳಿಯುವವರು ಸ್ಲೋ ಗಾಡಿಯನ್ನೇ ಹಿಡಿಯಬೇಕು.

ಸಂಜೆ ಆರರ ನಂತರ ಗಾಡಿಗಳು ಚರ್ಚ್‌ಗೇಟ್‌ನಿಂದಲೇ ತುಂಬಿ ಬರುತ್ತವೆ. ಚರ್ನಿ ರೋಡ್‌ನಲ್ಲಿ ಮುದುಕರಿಗೂ ಸೀಟಿಲ್ಲ. ಅದಕ್ಕೆ ಇಲ್ಲಿಯ ಜನರ ಉಪಾಯ ಉಲ್ಟಾ ಹೋಗುವುದು. ಎದುರು ಪ್ಲಾಟ್‌ಫಾರಂನಿಂದ ಚರ್ಚ್‌ಗೇಟ್ ಕಡೆಯ ಗಾಡಿ ಹತ್ತಿ, ಅಲ್ಲಿ ಅದು ಖಾಲಿಯಾಗುವಾಗ ಸೀಟು ಹಿಡಿದು, ಅದೇ ಗಾಡಿಯಲ್ಲಿ ಮರಳುವುದು. ಚರ್ನಿ ರೋಡ್‌ನಿಂದ ಮನೆಯ ಕಡೆಗಿನ ಟಿಕೆಟ್ ಈ ಹಿಮ್ಮುಖ ಪ್ರಯಾಣಕ್ಕೆ ನಡೆಯುವುದಿಲ್ಲ. ಚರ್ಚ್‌ಗೇಟ್‌ವರೆಗಿನ 5 ರೂಪಾಯಿಯ ಟಿಕೆಟ್ ತೆಗೆಯಿರಿ, ಅಲ್ಲಿಂದ ಮುಂದಕ್ಕೂ ಟಿಕೆಟ್ ಇರಲಿ. ಸಿಕ್ಕರೆ ಎಡಗಡೆಯ ಕಿಟಕಿ ಹಿಡಿಯಿರಿ. ಮರೀನ್ ಲೈನ್ಸ್ ದಾಟಿದ ಮೇಲೆ ಜಿಮ್‌ಖಾನಾಗಳ ಮೈದಾನ ಬರುತ್ತದೆ. ಕತ್ತಲಾಗಿದ್ದರೂ ಬ್ಯಾಟು ಬಿಡದ ಹುಡುಗರು ಒಬ್ಬಿಬ್ಬರು ಇದ್ದೇ ಇರುತ್ತಾರೆ, ಅವರ ಆಚೆ ರಸ್ತೆಯ ದೀಪಗಳ ಸಾಲು.