ಮಿಡಿ ಉಪ್ಪಿನಕಾಯಿ ಬಿಟ್ಟರೂ ಹೋಗದ ಎದೆಯುರಿ

ಹೊಸನಗರ ತಾಲ್ಲೂಕಿನ ನಮ್ಮ ಮನೆಯಲ್ಲಿ ಅಡಿಕೆ ಸುಲಿತ ಶುರುವಾದರೆ ರಾತ್ರಿಯ ಊಟಕ್ಕೆ ಹೊತ್ತುಗೊತ್ತು ಇರುತ್ತಿರಲಿಲ್ಲ. ಮೆಟ್ಟುಗತ್ತಿಯ ಮುಂದೆ ಬಾಗಿ ಕುಳಿತವನು ಹತ್ತೂವರೆಗೆ ಎದ್ದು, ಹಸಿದ ಹೊಟ್ಟೆಗೆ ಮೂರು ಸಲ ಅನ್ನ ಬಡಿಸಿಕೊಂಡು, ಕರಿದ ಹಲಸಿನ ಹಪ್ಪಳ ಮುರಿದುಕೊಂಡು ಉಂಡು, ಹನ್ನೊಂದಕ್ಕೆಲ್ಲ ಮಲಗುತ್ತಿದ್ದೆ. ಒಂದು ಗಂಟೆಯ ಸುಮಾರಿಗೆ ಎದೆಯ ನಡುವೆ ಕೆಂಡ ಇಟ್ಟಂತಾಗಿ, ಗಂಟಲಿಗೆ ಹುಳಿನೀರು ಉಕ್ಕಿ ಎಚ್ಚರವಾಗುತ್ತಿತ್ತು.

ಐವತ್ತು ದಾಟಿದವನ ಎದೆ ಉರಿಯುತ್ತದೆಂದರೆ ಮೊದಲು ಹೃದಯವನ್ನೇ ನೋಡಬೇಕು. ಶಿವಮೊಗ್ಗದ ವೈದ್ಯರು ಇಸಿಜಿ ಮಾಡಿಸಿ, ಹೃದಯ ಸರಿಯಿದೆ ಎಂದ ಮೇಲೆಯೇ ಹೊಟ್ಟೆಯ ಮಾತೆತ್ತಿದರು. ಅನ್ನನಾಳ ಜಠರಕ್ಕೆ ಸೇರುವಲ್ಲಿ ಬಳೆಯಂತಹ ಸ್ನಾಯುವಿದೆ. ಅದು ಸಡಿಲವಾದಾಗ ಆಮ್ಲ ಮೇಲಕ್ಕೆ ಬರುತ್ತದೆ. ಬೆಳಗಿನ ತಿಂಡಿಗೆ ಅರ್ಧ ಗಂಟೆ ಮೊದಲು ನುಂಗಲು ಎಂಟು ವಾರದ ಮಾತ್ರೆ ಬರೆದುಕೊಟ್ಟರು. ಉರಿ ನಿಂತಿತು. ಮಾತ್ರೆ ಮುಗಿದು ಮೂರು ವಾರಕ್ಕೆ ಮತ್ತೆ ಬಂತು.

ಮನೆಯಲ್ಲಿ ಎಲ್ಲರೂ ದೂರಿದ್ದು ಅಪ್ಪೆಮಿಡಿಯನ್ನೇ. “ಮಿಡಿ ಬಿಡು, ಎಲ್ಲ ಸರಿಯಾಗುತ್ತದೆ” ಎಂದರು ಅಮ್ಮ. ಒಂದು ತಿಂಗಳು ಬಿಟ್ಟೆ. ಭರಣಿಯ ಪರಿಮಳ ಮೂಗಿಗೆ ಬಡಿದರೂ ತಡೆದುಕೊಂಡೆ. ಉರಿ ಮಾತ್ರ ಇದ್ದಲ್ಲಿಯೇ ಇತ್ತು. ಆಗ ಹಳೆಯ ಲೆಕ್ಕದ ಪುಸ್ತಕದಲ್ಲಿ ಏನು ತಿಂದೆ, ಎಷ್ಟು ಹೊತ್ತಿಗೆ, ಉರಿ ಯಾವಾಗ ಎಂದು ಬರೆಯತೊಡಗಿದೆ. ಮಿಡಿಯನ್ನು ಮತ್ತೆ ಶುರುಮಾಡಿದ ವಾರದ ಒಂದು ಪುಟ ಹೀಗಿದೆ: “ಮಧ್ಯಾಹ್ನ 1: ಅನ್ನ, ತಂಬುಳಿ, ಮಿಡಿ ಎರಡು. ಉರಿ ಇಲ್ಲ. ರಾತ್ರಿ 10.30: ಅನ್ನ, ಸಾರು, ಹಪ್ಪಳ ನಾಲ್ಕು, ಮಿಡಿ ಇಲ್ಲ. 1.15ಕ್ಕೆ ಎದ್ದೆ.” ಇಂತಹವೇ ನಾಲ್ಕೈದು ಪುಟಗಳನ್ನು ಒಟ್ಟಿಗೆ ಓದಿದಾಗ ತಪ್ಪು ಭರಣಿಯಲ್ಲಿಲ್ಲ, ಗಡಿಯಾರದಲ್ಲಿದೆ ಎಂದು ತಿಳಿಯಿತು. ಖಾರ, ಹುಳಿ ತಾಗುವವರೇ ಇಲ್ಲ ಎನ್ನುತ್ತಿಲ್ಲ. ಬಹಳ ಜನರಿಗೆ ತಾಗುತ್ತದೆ. ನನಗೆ ಮಧ್ಯಾಹ್ನದ ಮಿಡಿ ತಾಗಲಿಲ್ಲ, ಅಷ್ಟೇ. ಅದಕ್ಕೇ ಕಂಡಕಂಡದ್ದನ್ನೆಲ್ಲ ಬಿಡುವ ಮೊದಲು ಎರಡು ವಾರ ಬರೆದಿಡಿ ಎನ್ನುತ್ತೇನೆ.

ಈಗ ಸುಲಿತದ ದಿನಗಳಲ್ಲೂ ಏಳೂವರೆಗೆ ಊಟ. ಒಂದೇ ಸಲ ಅನ್ನ, ಬಾಳೆದಿಂಡಿನ ಪಲ್ಯವೋ ಮೊಗೆಕಾಯಿ ಹುಳಿಯೋ, ಕರಿದದ್ದು ಇಲ್ಲ. ಎಣ್ಣೆಯ ಪದಾರ್ಥ ಜಠರದಲ್ಲಿ ಹೆಚ್ಚು ಹೊತ್ತು ನಿಲ್ಲುವುದರಿಂದ ಹಪ್ಪಳ ಮಧ್ಯಾಹ್ನಕ್ಕೆ ಹೋಯಿತು. ಉಂಡ ತಕ್ಷಣ ಮೆಟ್ಟುಗತ್ತಿಗೆ ಬಾಗುವುದಿಲ್ಲ; ಅಡಿಕೆ ಬೇಯುವ ಹಂಡೆಯ ಹತ್ತಿರ ನಿಂತು ಕೆಲಸ ನೋಡಿಕೊಳ್ಳುತ್ತೇನೆ, ಸುಲಿಯಲು ಕುಳಿತುಕೊಳ್ಳುವುದು ಗಂಟೆಯ ನಂತರ. ಊಟಕ್ಕೂ ಮಲಗುವುದಕ್ಕೂ ನಡುವೆ ಮೂರು ಗಂಟೆ ಬಿಡುತ್ತೇನೆ. ನಡುವೆ ಹಸಿವಾದರೆ ಒಂದು ಲೋಟ ತೆಳು ಗಂಜಿ.

ತಂಪು ಎಂದುಕೊಂಡು ನಾನು ಕುಡಿಯುತ್ತಿದ್ದ ಪುದೀನ ಕಷಾಯದ ವಿಷಯದಲ್ಲಿ ಮೋಸ ಹೋಗಿದ್ದೆ. ಪುದೀನ ಆ ಸ್ನಾಯುವನ್ನೇ ಸಡಿಲಿಸುತ್ತದಂತೆ. ಈಗ ಜೀರಿಗೆ-ಕೊತ್ತಂಬರಿಯ ತೆಳು ಕಷಾಯ. ರಾತ್ರಿಯ ತಣ್ಣನೆಯ ಹಾಲು ಕೊಂಚ ಹೊತ್ತು ಹಿತವೆನಿಸಿ ಆಮೇಲೆ ಮತ್ತೆ ಉರಿಸುತ್ತಿತ್ತು, ಅದನ್ನೂ ಬಿಟ್ಟೆ. ಖಾಲಿ ಹೊಟ್ಟೆಯ ಕಾಫಿ ತಿಂಡಿಯ ನಂತರಕ್ಕೆ ಸರಿಯಿತು. ಎಲ್ಲಕ್ಕಿಂತ ಕಷ್ಟವಾದದ್ದು ಕವಳದ ಹೊಗೆಸೊಪ್ಪು. ನಾಲ್ಕು ತಿಂಗಳು ಹಿಡಿಯಿತು. ತಂಬಾಕು ಕೂಡ ಆ ಸ್ನಾಯುವಿಗೆ ಒಳ್ಳೆಯದಲ್ಲ, ಬಾಯಿಗಂತೂ ಕೇಳುವುದೇ ಬೇಡ.

ಮಂಚದ ತಲೆಯ ಕಡೆಯ ಎರಡೂ ಕಾಲುಗಳ ಕೆಳಗೆ ಆರು ಅಂಗುಲದ ಮರದ ತುಂಡು ಕೊಟ್ಟಿದ್ದೇನೆ. ತಲೆದಿಂಬು ಪೇರಿಸಿದರೆ ಹೊಟ್ಟೆ ಮಡಿಚಿ ಒತ್ತಡ ಹೆಚ್ಚುತ್ತದೆ, ಮಂಚವೇ ಓರೆಯಾಗಬೇಕು. ಎಡ ಮಗ್ಗುಲಿಗೆ ಮಲಗುವುದನ್ನೂ ರೂಢಿಸಿಕೊಂಡೆ.

ಇಷ್ಟು ಮಾಡಿಯೂ ಉರಿ ಬಿಡದಿದ್ದರೆ, ನುಂಗುವಾಗ ಅನ್ನ ಸಿಕ್ಕಿಕೊಂಡಂತಾದರೆ, ಕಾರಣವಿಲ್ಲದೆ ತೂಕ ಇಳಿದರೆ, ಮಲ ಕಪ್ಪಾದರೆ, ರಕ್ತ ವಾಂತಿಯಾದರೆ ಪಥ್ಯ ಮಾಡುತ್ತಾ ಕೂರಬೇಡಿ, ವೈದ್ಯರಲ್ಲಿಗೆ ಹೋಗಿ. ಎದೆನೋವು ತೋಳಿಗೋ ದವಡೆಗೋ ಹರಿದು ಬೆವರು ಬಂದರೆ ಬೆಳಗಾಗುವುದನ್ನೂ ಕಾಯಬೇಡಿ.

ಕಳೆದ ಸುಲಿತದ ಒಂದು ತಿಂಗಳಲ್ಲಿ ನಾನು ಉರಿಯಿಂದ ಎದ್ದದ್ದು ಎರಡು ರಾತ್ರಿ. ಎರಡೂ ಮದುವೆ ಮನೆಯಲ್ಲಿ ತಡವಾಗಿ ಉಂಡು ಬಂದ ದಿನಗಳೆಂದು ಪುಸ್ತಕದಲ್ಲಿ ಬರೆದಿದೆ.