ಗೀತೆಯನ್ನು ನಮ್ಮೊಳಗೆ ಓದಿಕೊಳ್ಳುವುದು ಹೇಗೆ?

ಗೀತೆಯಲ್ಲಿ 700 ಶ್ಲೋಕಗಳಿವೆ, ಓದಿ ಮುಗಿಸುವ ಆತುರ ಬೇಡ. ದಿನಕ್ಕೆ ಒಂದೆರಡು ಸಾಕು. ಎರಡನೇ ಅಧ್ಯಾಯದ 62, 63ರಿಂದ ಶುರು ಮಾಡಿ. ಒಂದನ್ನೇ ನೆನೆಯುತ್ತಿದ್ದರೆ ಅಂಟು ಬೆಳೆಯುತ್ತದೆ, ಅಂಟಿನಿಂದ ಆಸೆ, ಆಸೆಯಿಂದ ಸಿಟ್ಟು, ಸಿಟ್ಟಿನಿಂದ ಮಂಕು, ಕೊನೆಗೆ ನೆನಪೂ ಬುದ್ಧಿಯೂ ಕೆಡುತ್ತವೆ ಅಂತ ಅಲ್ಲಿದೆ. ಬಾಯಿಬಿಟ್ಟು ಓದಿ, ಅರ್ಥ ನೋಡಿ, ಪುಸ್ತಕ ಮುಚ್ಚಿ. ಆಮೇಲೆ ನಿನ್ನೆ ಯಾರ ಮೇಲೆ ರೇಗಿದಿರಿ ಅಂತ ನೆನಪಿಸಿಕೊಂಡು, ಆ ಸಿಟ್ಟಿನಿಂದ ಒಂದೊಂದೇ ಮೆಟ್ಟಿಲು ಹಿಂದಕ್ಕೆ ಹೋಗಿ. ಇದೇ ನಿಜವಾದ ಓದು. ನಾನು ಬೆಳಗ್ಗೆ ಉಡುಪಿಯ ರಥಬೀದಿಯಲ್ಲಿ, ಜನ ಜಾಸ್ತಿ ಆಗುವ ಮೊದಲು ಸುಮ್ನೆ ಕೂತು ಮಾಡುತ್ತೇನೆ. ಮನಸ್ಸು ಓಡುತ್ತದೆ. ಓಡಿದಲ್ಲಿಂದ ಮತ್ತೆ ಕರೆತನ್ನಿ ಅಂತ ಆರನೇ ಅಧ್ಯಾಯದ 26ನೇ ಶ್ಲೋಕವೇ ಹೇಳುತ್ತದೆ, ಅಲ್ವಾ? ಒಂದೇ ಶ್ಲೋಕದಲ್ಲಿ ವಾರವಿಡೀ ನಿಂತರೂ ಪರವಾಗಿಲ್ಲ.