ಮಧ್ಯರಾತ್ರಿ ಹನ್ನೆರಡರ ಪಂದ್ಯ

ಬಾಗಲಕೋಟೆಯಲ್ಲಿ ನಮ್ಮ ಬಡಾವಣೆಯ ಯುವಕರು ನಡೆಸುವ ಹೊನಲು-ಬೆಳಕಿನ ಕಬಡ್ಡಿ ಪಂದ್ಯಾವಳಿಯ ವೇಳಾಪಟ್ಟಿ ಈ ಸಲ ನನ್ನ ಪಾಲಿಗೆ ಬಂತು. 16 ತಂಡ, 4 ಗುಂಪು, 2 ಅಂಕಣ. ಮೊದಲ ಎರಡು ರಾತ್ರಿ 24 ಲೀಗ್ ಪಂದ್ಯ, ಮೂರನೆಯ ರಾತ್ರಿ ನಾಕೌಟ್‌ನ 7. ಇಂಡಿ, ಅಥಣಿ ಕಡೆಯ ಹುಡುಗರು ಕೈಯಿಂದ ಹಣ ಹಾಕಿ ಕ್ರೂಸರ್ ಮಾಡಿಕೊಂಡು ಬರುತ್ತಾರೆ. ಅವರಿಗೆ ತಪ್ಪು ಹೊತ್ತು ಹೇಳುವಂತಿಲ್ಲ.

ಸಂಘಟಕರು ಕೊಟ್ಟ ಎಕ್ಸೆಲ್ ಹಾಳೆಯನ್ನು, ಅಲ್ಪವಿರಾಮಗಳಿಂದ ಬೇರ್ಪಟ್ಟ ಸರಳ ಪಠ್ಯರೂಪವಾದ ‘ಸಿಎಸ್‌ವಿ ಯುಟಿಎಫ್-8’ ಎಂದೇ ಉಳಿಸಿಕೊಂಡೆ. ಬರೀ ಸಿಎಸ್‌ವಿ ಎಂದು ಉಳಿಸಿದರೆ ಕನ್ನಡ ಅಕ್ಷರವೆಲ್ಲ ಪ್ರಶ್ನೆಚಿಹ್ನೆಯಾಗುತ್ತದೆ. ಟರ್ಮಿನಲ್‌ನಲ್ಲಿ ಎಸ್‌ಕ್ಯೂಲೈಟ್ ಎಂಬ ದತ್ತಸಂಚಯ ತಂತ್ರಾಂಶ ತೆರೆದು, ಇಂಪೋರ್ಟ್ ಆದೇಶದಿಂದ ಕಡತವನ್ನು ‘ಕಚ್ಚಾ’ ಎಂಬ ಕೋಷ್ಟಕಕ್ಕೆ ಇದ್ದಂತೆಯೇ ತುಂಬಿದೆ. ಸಾಲುಗಳನ್ನು ಎಣಿಸಿದರೆ 25! ಕೋಷ್ಟಕವನ್ನು ನಾನು ಮೊದಲೇ ರಚಿಸಿಟ್ಟಿದ್ದರಿಂದ ತಲೆಬರಹದ ಸಾಲೂ ಒಂದು ಪಂದ್ಯವಾಗಿ ಒಳಗೆ ಬಂದಿತ್ತು. ಆದೇಶದಲ್ಲಿ ‘ಸ್ಕಿಪ್ 1’ ಸೇರಿಸಿ ಮತ್ತೆ ತುಂಬಿದಾಗ 24 ಸರಿಹೋಯಿತು.

ನೇರವಾಗಿ ಅಸಲಿ ಕೋಷ್ಟಕಕ್ಕೆ ಸುರಿಯದೆ ಹೀಗೆ ಕಚ್ಚಾದಲ್ಲಿ ಇಟ್ಟುಕೊಂಡದ್ದು ಒಳ್ಳೆಯದಾಯಿತು. ತಂಡಗಳ ಹೆಸರನ್ನು ಪುನರಾವರ್ತನೆಯಿಲ್ಲದೆ ಕೇಳಿದರೆ 16ರ ಬದಲು 19 ಬಂದವು. ವಿಜಯಪುರದ ಜೊತೆಗೆ ಬಿಜಾಪುರವೂ ಇತ್ತು. ಊರಿನ ಹೆಸರು ಬದಲಾದದ್ದು 2014ರಲ್ಲಿ, ಬರೆಯುವ ಕೈಗೆ ಹಳೆಯದೇ ರೂಢಿ. ಇಳಕಲ್, ಇಲಕಲ್ ಎರಡಿದ್ದವು. ಇವು ಕಣ್ಣಿಗೆ ಕಾಣುವ ತಪ್ಪು, ತಿದ್ದಿದೆ. ಬಾಗಲಕೋಟೆ ಮಾತ್ರ ಎರಡೂ ಕಡೆ ಅಕ್ಷರಶಃ ಒಂದೇ ಆಗಿ ಕಾಣುತ್ತಿತ್ತು. ಉದ್ದ ಕೇಳಿದರೆ ಒಂದಕ್ಕೆ 8, ಇನ್ನೊಂದಕ್ಕೆ 9. ಕೊನೆಯಲ್ಲಿ ಖಾಲಿ ಜಾಗವಿರಬೇಕೆಂದು ಟ್ರಿಮ್ ಮಾಡಿದೆ, ಹೋಗಲಿಲ್ಲ. ಹೆಕ್ಸ್ ರೂಪದಲ್ಲಿ, ಅಂದರೆ ಪ್ರತಿ ಅಕ್ಷರದ ಒಳಗಿನ ಸಂಕೇತವಾಗಿ, ಬಿಚ್ಚಿ ನೋಡಿದಾಗ ತುದಿಯಲ್ಲಿ ‘ಸಿ2ಎ0’ ಕುಳಿತಿತ್ತು. ಅದು ಸಾಲು ಮುರಿಯದಂತೆ ತಡೆಯುವ ಖಾಲಿ ಜಾಗ, ಸಂಕೇತಸಂಖ್ಯೆ 160. ಎಸ್‌ಕ್ಯೂಲೈಟ್‌ನ ಟ್ರಿಮ್ ಸಾಮಾನ್ಯ ಖಾಲಿ ಜಾಗವನ್ನಷ್ಟೇ ತೆಗೆಯುತ್ತದೆ. ರಿಪ್ಲೇಸ್ ಬಳಸಿ 160ನ್ನು ಅಳಿಸಿದ ಮೇಲೆ ತಂಡಗಳು 16ಕ್ಕೆ ಬಂದು ನಿಂತವು.

ಇನ್ನು ಸಮಯ. ಹಾಳೆಯಲ್ಲಿ 7.00, 8.00 ಎನ್ನುತ್ತ 12.00ರವರೆಗೆ ಬರೆದಿದ್ದರು, ಎಲ್ಲವೂ ರಾತ್ರಿಯ ಲೆಕ್ಕ. 24 ಗಂಟೆಯ ಲೆಕ್ಕಕ್ಕೆ ತರಲು 7ರಿಂದ 11ರವರೆಗಿನವಕ್ಕೆ 12 ಗಂಟೆ ಕೂಡಿಸಿ, 12ನ್ನು ಹಾಗೆಯೇ ಬಿಟ್ಟು ಪಟ್ಟಿ ತೆಗೆದೆ. ನಮ್ಮ ನಿವೃತ್ತ ದೈಹಿಕ ಶಿಕ್ಷಕರಿಗೆ ತೋರಿಸಿದೆ. ಅವರು ಬೆರಳಿಟ್ಟು ಓದುತ್ತ ಮೊದಲ ಸಾಲಿನಲ್ಲೇ ನಿಂತರು. “ತಮ್ಮಾ, ಇಂಡಿಯವರ ಪಂದ್ಯ ಮಧ್ಯಾಹ್ನ ಎಂದಿದೆಯಲ್ಲ. ನಾವು ಅವರಿಗೆ ರಾತ್ರಿ ಎಂದು ಹೇಳಿದ್ದೇವೆ.” ನನ್ನ ಎದೆ ಧಸಕ್ಕೆಂದಿತು.

ಪರಿಹಾರ ಸರಳವಾಗಿತ್ತು. ದಿನಾಂಕವನ್ನು ವರ್ಷ-ತಿಂಗಳು-ದಿನ ಎಂದು ತಿರುಗಿಸಿ, ಸಮಯದ ಚುಕ್ಕೆಯನ್ನು ಎರಡು ಚುಕ್ಕೆ ಮಾಡಿ, 7ನ್ನು 07 ಮಾಡಿದೆ. ಸೊನ್ನೆ ಇಲ್ಲದಿದ್ದರೆ ಎಸ್‌ಕ್ಯೂಲೈಟ್ ಅದನ್ನು ಸಮಯವೆಂದೇ ಒಪ್ಪದೆ ನಲ್, ಅಂದರೆ ಖಾಲಿ ಉತ್ತರ, ಕೊಡುತ್ತದೆ. ಆಮೇಲೆ ಎಲ್ಲ ಸಾಲಿಗೂ 12 ಗಂಟೆ ಕೂಡಿಸಿದರೆ ಸಾಕು: 07:00 ಸಂಜೆ ಏಳಾಗುತ್ತದೆ, 12:00 ತಾನಾಗಿಯೇ ಮರುದಿನದ 00:00 ಆಗುತ್ತದೆ. ಆಡುವವರ ಲೆಕ್ಕದಲ್ಲಿ ಅದು ಹಿಂದಿನ ರಾತ್ರಿಯ ಪಂದ್ಯವೇ ಆದ್ದರಿಂದ ‘ರಾತ್ರಿ’ ಎಂಬ ಕಾಲಂ ಒಂದನ್ನು ಬೇರೆ ಇಟ್ಟೆ.

ಕೋಷ್ಟಕದ ಸಾಲುಗಳನ್ನು ಅದೇ ಕೋಷ್ಟಕದ ಇತರ ಸಾಲುಗಳೊಂದಿಗೆ ಜೋಡಿಸಿ ನೋಡಿ, ಒಂದೇ ತಂಡ ಬೆನ್ನುಬೆನ್ನಿಗೆ ಆಡುತ್ತಿದೆಯೇ ಎಂದೂ ಕೇಳಿದೆ. ಮುಧೋಳದವರು 9ಕ್ಕೂ 10ಕ್ಕೂ ಆಡಬೇಕಿತ್ತು. 20 ನಿಮಿಷದ ಎರಡು ಅವಧಿ, ನಡುವೆ 5 ನಿಮಿಷದ ವಿರಾಮ, ಟೈಮ್‌ಔಟ್‌ಗಳು. ಆಟ ಮುಗಿಸಿ ಉಸಿರು ತಿರುಗುವಷ್ಟರಲ್ಲಿ ಮತ್ತೆ ಅಂಕಣ. ಇದನ್ನು ನಾನೇ ಬದಲಿಸಲಿಲ್ಲ, ಸಂಘಟಕರನ್ನು ಕೇಳಿ ಬದಲಿಸಿದೆ.

ಎಲ್ಲವನ್ನೂ ಬಿಗಿನ್, ಕಮಿಟ್‌ಗಳ ನಡುವೆ ಇಟ್ಟು, ಅಂದರೆ ಆದರೆ ಎಲ್ಲವೂ ಒಟ್ಟಿಗೆ, ಇಲ್ಲದಿದ್ದರೆ ಏನೂ ಇಲ್ಲ ಎಂಬಂತೆ, ಅಸಲಿ ಕೋಷ್ಟಕಕ್ಕೆ ಸಾಗಿಸಿದೆ. ನಾಕೌಟ್‌ನ ಏಳು ಸಾಲುಗಳಲ್ಲಿ ತಂಡದ ಜಾಗ ಖಾಲಿ ಬಿಟ್ಟಿದ್ದೆ; ‘ಎ ಗುಂಪಿನ ವಿಜೇತರು’ ಎಂದು ಬರೆದರೆ ಅದೂ ಒಂದು ತಂಡವಾಗಿಬಿಡುತ್ತದೆ. ಎರಡನೆಯ ರಾತ್ರಿ ಕೊನೆಯ ಲೀಗ್ ಪಂದ್ಯ ಮುಗಿದ ಮೇಲೆ ಕ್ವಾರ್ಟರ್ ಫೈನಲ್‌ನ ನಾಲ್ಕು ಸಾಲು ತುಂಬಿ, ಮುದ್ರಿಸಿ, ಅಂಕಣದ ಪಕ್ಕದ ಕಂಬಕ್ಕೆ ಅಂಟಿಸಿದಾಗ ಗಂಟೆ ಒಂದೂವರೆ. ಇಂಡಿಯ ಹುಡುಗರು ಅಲ್ಲೇ ನಿಂತು ಮೊಬೈಲ್‌ನಲ್ಲಿ ಅದರ ಚಿತ್ರ ತೆಗೆದುಕೊಂಡರು.